ಮೂರು ಸಲ ಹೊಡೆದ ಬೆಲ್ಲು

ಮೊನ್ನೆ ಕೆಂಗೇರಿ ಉಪನಗರದಲ್ಲೇ ಒಂದು ನಾಮಕರಣ. ಟೆರೇಸ್ ಮೇಲೆ ಊಟ. ದೊಡ್ಡಮ್ಮನ ಮಗಳು ಪಂಕ್ತೀಲಿ ನನ್ನ ಪಕ್ಕ ಕೂತಿದ್ಲು. ಎಲೆಗೆ ಚಿರೋಟಿ ಬಂದು ಬಾದಾಮಿ ಹಾಲಿಗೆ ಕಾಯ್ತಾ ಇದ್ವಿ. ಇದ್ದಕ್ಕಿದ್ದ ಹಾಗೆ ಕೇಳಿದ್ಲು, "ಅಲ್ಲ ಕಣೆ, ವಾರಕ್ಕೆ ಮೂರು ದಿನ ಮೆಟ್ರೋ ಹತ್ತಿ ಹೋಗ್ತೀಯ, ಉಳಿದ ದಿನ ರೂಮಿನ ಬಾಗಿಲು ಹಾಕ್ಕೊಂಡು ಕೂತಿರ್ತೀಯ. ಕಂಪ್ಯೂಟರ್ ಕೆಲಸ ಅಂತೀಯ. ಕಂಪ್ಯೂಟರಲ್ಲಿ ಏನು ಅಂತ ಒಂದು ದಿನಾನೂ ಬಾಯಿ ಬಿಟ್ಟು ಹೇಳಿಲ್ಲ."

ಹಿಂದಿನ ದಿನವೆಲ್ಲ ಏನು ಮಾಡಿದ್ದೆ ಅಂತ ನೆನೆಸ್ಕೊಂಡು, "ಲೈಫ್‌ಸೈಕಲ್ ಹುಕ್ಸ್ ಸರಿ ಮಾಡ್ತಿದ್ದೆ" ಅಂದೆ. "ಹುಕ್ಕಾ? ಬ್ಲೌಸಿಗೆ ಹಾಕ್ತೀವಲ್ಲ, ಆ ಹುಕ್ಕಾ?" ಅಂದ್ಲು. ಎದುರು ಸಾಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ಬಾದಾಮಿ ಹಾಲು ಬಂತು, ಮಾತು ಅಲ್ಲಿಗೇ ನಿಂತ್ಹೋಯ್ತು.

ಉತ್ತರ ಕೆಳಗಡೆ ಹಾಲಿನಲ್ಲೇ ಇತ್ತು, ನಂಗೆ ಮನೆಗೆ ಬಂದ ಮೇಲೆ ಹೊಳೀತು. ತೊಟ್ಟಿಲು ಕಟ್ಟಿದ್ರಲ್ಲ, ಅದರ ಮೇಲಿನ ಕೊಕ್ಕೆ ನೋಡಿದ್ರಾ? ಆ ಮನೆ ಕಟ್ಟಿಸುವಾಗಲೇ ಅಜ್ಜಿ ಹಟ ಮಾಡಿ ಸೂರಿಗೆ ಹಾಕಿಸಿದ್ದಂತೆ. ವರ್ಷಗಟ್ಟಲೆ ಸುಮ್ನೆ ಇರುತ್ತೆ. ಮಗು ಬಂದಾಗ ತೊಟ್ಟಿಲು ತೂಗುಹಾಕ್ತೀವಿ, ಮಗು ಬೆಳೆದ ಮೇಲೆ ಬಿಚ್ಚಿಡ್ತೀವಿ. ಕೊಕ್ಕೆ ಮನೆ ಕಟ್ಟಿದವರದ್ದು, ಅದಕ್ಕೆ ಏನು ತೂಗಬೇಕು ಅನ್ನೋದು ನಮ್ಮದು. ನನ್ನ ಕೆಲಸದ ಹುಕ್ಕೂ ಅಂಥದ್ದೇ.

ಇಷ್ಟು ಹೇಳಿ ನಿಲ್ಲಿಸಿದ್ರೆ ತಮಾಷೆಯಾಗಿ ಮುಗಿದುಹೋಗ್ತಿತ್ತು. ಆದ್ರೆ ಈ ಹುಕ್ಕಿನ ಜೊತೆಗೇ ನಿಮಗೆಲ್ಲ ಹೇಳಬೇಕಾದ ಇನ್ನೊಂದು ವಿಷಯ ಸಿಕ್ಕಾಕ್ಕೊಂಡಿದೆ. 2024ರ ವರಮಹಾಲಕ್ಷ್ಮಿ ಹಬ್ಬದ ದಿನ ನಮ್ಮತ್ತೆ ಆಸ್ಪತ್ರೆ ಸೇರಿದ್ದು ನಿಮಗೆ ಗೊತ್ತು. ಕುಂಕುಮಕ್ಕೆ ಬಂದವರು ಬಾಗಿಲಲ್ಲೇ ನಿಂತು ವಾಪಸ್ ಹೋದ್ರಿ. "ಟ್ಯಾಬ್ ಹಳೇದು, ಹ್ಯಾಂಗ್ ಆಗಿ ಬೆಲ್ ತಪ್ಪು ಹೊಡೀತು, ಅತ್ತೆ ಮಾತ್ರೆ ಎರಡು ಸಲ ತಗೊಂಡ್ಬಿಟ್ರು" ಅಂತ ಎಲ್ಲರಿಗೂ ಹೇಳಿದವಳು ನಾನೇ. ಟ್ಯಾಬ್ ಹ್ಯಾಂಗ್ ಆಗಿರ್ಲಿಲ್ಲ. ನಾನು ಬರೆದಿದ್ದನ್ನ ಅದು ಅಕ್ಷರ ತಪ್ಪದೆ ಮಾಡಿತ್ತು.

ಮೊದಲು ಕೆಲಸದ ವಿಷಯ ಹೇಳಿಬಿಡ್ತೀನಿ, ಇಲ್ಲದಿದ್ರೆ ತಪ್ಪು ಎಲ್ಲಾಯ್ತು ಅಂತ ಅರ್ಥ ಆಗಲ್ಲ.

ನಾವು ಫೋನಲ್ಲಿ ತರಕಾರಿ ತರಿಸ್ತೀವಲ್ಲ, ಆ ಪರದೆ ನೋಡಿ. ಮೇಲೆ ಬುಟ್ಟಿ, ಅದರಲ್ಲಿ ಎಷ್ಟು ಸಾಮಾನು ಅಂತ ಒಂದು ಅಂಕಿ. ಕೆಳಗೆ ಹುರುಳಿಕಾಯಿ, ಬದನೆಕಾಯಿ ಪಟ್ಟಿ. ನಡುವೆ ಎಲ್ಲೋ ಒಂದು ಆಫರ್ ಬಂದು ಹೋಗುತ್ತೆ. ಇಡೀ ಪುಟ ಅಲ್ಲಾಡಲ್ಲ, ಆ ತುಂಡು ಮಾತ್ರ ಬರುತ್ತೆ, ಹೋಗುತ್ತೆ. ಒಂದೊಂದು ತುಂಡಿಗೂ ಕಾಂಪೊನೆಂಟ್ ಅಂತಾರೆ. ಇಂಥ ತುಂಡುಗಳನ್ನ ಜೋಡಿಸಿ ಪುಟ ಕಟ್ಟೋದಕ್ಕೆ ಸಿದ್ಧ ಚೌಕಟ್ಟುಗಳಿವೆ, ಫ್ರೇಮ್‌ವರ್ಕ್ ಅಂತ. ರಿಯಾಕ್ಟ್ ಅನ್ನೋದು ಫೇಸ್‌ಬುಕ್‌ನವರು ಶುರು ಮಾಡಿದ್ದು, ಆಂಗ್ಯುಲರ್ ಗೂಗಲ್‌ನವರದ್ದು. ನಾನು ಕೆಲಸ ಮಾಡೋದು ವ್ಯೂ ಅನ್ನೋದರಲ್ಲಿ. ಗೂಗಲ್‌ನಲ್ಲಿ ಕೆಲಸ ಮಾಡಿ ಬಂದ ಇವಾನ್ ಯೂ ಅನ್ನೋರು ಶುರು ಮಾಡಿದ್ದು, 2014ರಲ್ಲಿ ಹೊರಗೆ ಬಿಟ್ರು. ಬಿ.ಕಾಂ. ಓದಿ ಹನ್ನೆರಡು ವರ್ಷ ಮನೇಲಿದ್ದವಳಿಗೆ ಇದೇ ಸ್ವಲ್ಪ ಬೇಗ ತಲೆಗೆ ಹತ್ತಿತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿವರೆಗೂ ಬಂತಲ್ಲ, ಆಮೇಲೆ ಕೋರ್ಸಿಗೆ ಹೋಗಿ ಬರೋ ದಾರೀಲಿ ಸೀಟ್ ಸಿಕ್ಕಿದ್ರೆ ಓದ್ತಿದ್ದೆ. ಆಗ ಕೆಂಗೇರಿಯೇ ಕೊನೆ ನಿಲ್ದಾಣ, ಬೆಳಗ್ಗೆ ಹತ್ತುವಾಗ ಸೀಟ್ ಗ್ಯಾರಂಟಿ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟಕ್ಕೆ ಹೋದ ಮೇಲೆ ಆ ಗ್ಯಾರಂಟಿ ಹೋಯ್ತು, ಇರಲಿ.

ಈ ತುಂಡುಗಳಿಗೆ ಒಂದು ಆಯುಷ್ಯ ಇದೆ. ಹುಟ್ಟುತ್ತೆ, ಪರದೆ ಮೇಲೆ ಕೂರುತ್ತೆ, ಬದಲಾಗುತ್ತೆ, ಎದ್ದು ಹೋಗುತ್ತೆ. ಆ ಒಂದೊಂದು ಗಳಿಗೇಲೂ ಫ್ರೇಮ್‌ವರ್ಕ್ ನಮ್ಮನ್ನ ಕರೆದು, "ಈಗ ನಿಂದೇನಾದ್ರೂ ಕೆಲಸ ಇದ್ರೆ ಮಾಡ್ಕೋ" ಅನ್ನುತ್ತೆ. ಆ ಕರೆಯೇ ಲೈಫ್‌ಸೈಕಲ್ ಹುಕ್.

ಹಬ್ಬದ ಕಳಸ ನೆನೆಸ್ಕೊಳ್ಳಿ. ಗುರುವಾರ ರಾತ್ರಿ ತೆಂಗಿನಕಾಯಿಗೆ ಅರಿಶಿನ ಬಳಿದು, ಸೀರೆ, ಬಳೆ, ವೀಳ್ಯದೆಲೆ ಎಲ್ಲ ಎತ್ತಿಟ್ಟಿರ್ತೀವಿ. ಬೇಕಾದ್ದೆಲ್ಲ ಇದೆ, ಮಂಟಪದಲ್ಲಿ ಮಾತ್ರ ಏನೂ ಇಲ್ಲ. ಅದು ಕ್ರಿಯೇಟೆಡ್. ಬೆಳಗ್ಗೆ ತಟ್ಟೇಲಿ ಅಕ್ಕಿ ಹಾಕಿ ಅದರ ಮೇಲೆ ಕಳಸ ಕೂರಿಸ್ತೀವಲ್ಲ, ಅದು ಮೌಂಟೆಡ್. ಹಾಡು, ಆರತಿ, ಬೆಲ್ ಎಲ್ಲ ಶುರುವಾಗೋದು ಅಲ್ಲಿಂದ. ಸಾಯಂಕಾಲ ಹೂವು ಬಾಡಿತು ಅಂತ ಬದಲಾಯಿಸಿದ್ರೆ ಅದು ಅಪ್‌ಡೇಟೆಡ್. ಮಾರನೇ ದಿನ ಕಳಸ ಎತ್ತೋ ಮುಂಚೆ ಕೈ ಮುಗಿದು ಒಂಚೂರು ಕದಲಿಸ್ತೀವಿ ನೋಡಿ, ಆ ಗಳಿಗೆ ಬಿಫೋರ್‌ಅನ್‌ಮೌಂಟ್. ಕಳಸ ಇನ್ನೂ ಅಲ್ಲೇ ಇದೆ, ಆದ್ರೆ ಹೊರಟಿದೆ. ಬಿಡಿಸ್ಕೋಬೇಕಾದ್ದೆಲ್ಲ ಆಗಲೇ ಬಿಡಿಸ್ಕೋಬೇಕು. ಆಮೇಲೆ ಕಾಯಿ ಪಾಯಸಕ್ಕೆ, ಅಕ್ಕಿ ಡಬ್ಬಿಗೆ, ಮಂಟಪ ಖಾಲಿ. ಅದು ಅನ್‌ಮೌಂಟೆಡ್.

ವ್ಯೂ ಹಳೇ ಆವೃತ್ತೀಲಿ ಈ ಕೊನೇದಕ್ಕೆ ಡಿಸ್ಟ್ರಾಯ್ಡ್ ಅಂತ ಹೆಸರಿತ್ತು. 2020ರಲ್ಲಿ ಮೂರನೇ ಆವೃತ್ತಿ ಬಂದಾಗ ಅನ್‌ಮೌಂಟೆಡ್ ಅಂತ ಮಾಡಿದ್ರು. ನಾವೇನು ಕಳಸ ನಾಶ ಮಾಡಿದ್ವಿ ಅಂತೀವಾ? ವಿಸರ್ಜನೆ ಅಂತೀವಿ. ಹೆಸರು ಬದಲಾಯಿಸಿದ್ದು ಒಳ್ಳೇದೇ ಆಯ್ತು ಅಂತ ನಂಗನ್ಸುತ್ತೆ. ದೊಡ್ಡ ತುಂಡಿನ ಹೊಟ್ಟೇಲಿ ಚಿಕ್ಕ ತುಂಡಿದ್ರೆ ಚಿಕ್ಕದು ಮೊದಲು ಮೌಂಟ್ ಆಗಿ, ದೊಡ್ಡದು ಆಮೇಲೆ. ಮಕ್ಕಳ ಎಲೆಗೆಲ್ಲ ಬಡಿಸಿ ಆದ ಮೇಲೇ ಮನೆಯಾಕೆ ಕೂರೋದು, ಅದರಲ್ಲೂ ವ್ಯತ್ಯಾಸ ಇಲ್ಲ.

ಈಗ ಅತ್ತೆ ವಿಷಯ.

ಅತ್ತೆಗೆ ಎಪ್ಪತ್ತಾರು. ಸಕ್ಕರೆ ಕಾಯಿಲೆಗೆ ಬೆಳಗ್ಗೆ ತಿಂಡಿಗೆ ಮುಂಚೆ ಒಂದು ಗ್ಲಿಮೆಪಿರೈಡ್ ಮಾತ್ರೆ. ನಾನು ಆಫೀಸಿಗೆ ಹೋಗೋ ದಿನ ಮರೀತಿದ್ರು. ಅದಕ್ಕೇ ಮಗಳ ಆನ್‌ಲೈನ್ ಕ್ಲಾಸಿಗೆ ಅಂತ 2020ರಲ್ಲಿ ಕೊಂಡಿದ್ದ ಟ್ಯಾಬನ್ನ ಅಡುಗೆಮನೆ ಗೋಡೆಗೆ ಸಿಕ್ಕಿಸಿ, ಚಾರ್ಜರ್ ಹಾಕೇ ಬಿಟ್ಟು, ನಾನೇ ವ್ಯೂನಲ್ಲಿ ಒಂದು ಪುಟ ಬರೆದುಕೊಟ್ಟೆ. ದಪ್ಪಕ್ಷರದಲ್ಲಿ "ಮಾತ್ರೆ ತಗೊಂಡಿಲ್ಲ" ಅಂತ ಇರುತ್ತೆ. ಏಳೂವರೆ ದಾಟಿದ ಮೇಲೆ ಅರ್ಧ ಗಂಟೆಗೊಂದು ಸಲ ಬೆಲ್ಲು. "ತಗೊಂಡೆ" ಅಂತ ಒತ್ತಿದ್ರೆ ಹಸಿರಾಗಿ ಸುಮ್ಮನಾಗುತ್ತೆ. ಅತ್ತೆಗೆ ಕನ್ನಡಕ ಇಲ್ದೆ ಅಕ್ಷರ ಅಷ್ಟಾಗಿ ಕಾಣಲ್ಲ, ಅವರು ಬೆಲ್ಲನ್ನೇ ನಂಬಿದ್ರು. "ಬೆಲ್ ಹೊಡೆದ್ರೆ ಮಾತ್ರೆ" ಅಂತ ನಾನೇ ಅಭ್ಯಾಸ ಮಾಡ್ಸಿದ್ದೆ. ಮೂರು ತಿಂಗಳು ಒಂದು ದಿನಾನೂ ತಪ್ಪಲಿಲ್ಲ. ಬಂದವರಿಗೆಲ್ಲ "ನಮ್ಮ ಸೊಸೆ ಮಾಡಿದ್ದು" ಅಂತ ತೋರಿಸೋರು. ನನಗೂ ಒಳಗೊಳಗೇ ಜಂಬ.

ಆ ವರ್ಷ ಹಬ್ಬ ಆಗಸ್ಟ್ 16, ಶುಕ್ರವಾರ. ಗುರುವಾರ ಸ್ವಾತಂತ್ರ್ಯ ದಿನದ ರಜ. ನಾದಿನಿ, ಅವಳ ಮಕ್ಕಳು ಬುಧವಾರವೇ ಬಂದಿದ್ರು. ಹಬ್ಬದ ಸಮಯ, ಹಾಲು ಹೆಚ್ಚು ತಗೋತೀವಿ, ಲೆಕ್ಕ ತಪ್ಪುತ್ತೆ ಅಂತ ಗುರುವಾರ ರಾತ್ರಿ ಒಬ್ಬಟ್ಟಿನ ಹೂರಣ ರುಬ್ಬಿಟ್ಟು, ಹನ್ನೊಂದು ಗಂಟೆಗೆ ಕೂತು ಆ ಪುಟಕ್ಕೆ ಇನ್ನೆರಡು ಭಾಗ ಸೇರಿಸಿದೆ. ಒಂದು ಹಾಲಿನ ಲೆಕ್ಕ, ಇನ್ನೊಂದು ನೀರು ಬಿಡೋ ದಿನ. ಮೇಲೆ ಮೂರು ಗುಂಡಿ. ಹಾಲು ಒತ್ತಿದ್ರೆ ಮಾತ್ರೆಯ ತುಂಡು ಹೋಗಿ ಹಾಲಿನದು ಬರುತ್ತೆ, ಮಾತ್ರೆ ಒತ್ತಿದ್ರೆ ಹಾಲಿನದು ಹೋಗಿ ಮಾತ್ರೆಯದು ಬರುತ್ತೆ. ಎರಡು ಸಲ ಒತ್ತಿ ನೋಡಿದೆ, ಚೆನ್ನಾಗಿ ಬಂತು, ಮಲಗಿದೆ.

ಅಲ್ಲಿವರೆಗೂ ಮಾತ್ರೆಯ ತುಂಡು ಎದ್ದು ಹೋಗಬೇಕಾದ ಸಂದರ್ಭವೇ ಬಂದಿರ್ಲಿಲ್ಲ. ಒಂದೇ ಪುಟ, ಒಂದೇ ತುಂಡು, ಯಾವಾಗಲೂ ಕೂತೇ ಇರ್ತಿತ್ತು. ಅದು ಹೋಗುವಾಗ ಏನಾಗಬೇಕು ಅಂತ ನಾನು ಒಂದು ಸಾಲೂ ಬರೆದಿರ್ಲಿಲ್ಲ.

ರಾತ್ರಿ ಕರೆಂಟ್ ಹೋಗಿ ಟ್ಯಾಬ್ ಆಫ್ ಆಗಿತ್ತು. ಬೆಳಗ್ಗೆ 6:25ಕ್ಕೆ ನಾನೇ ಆನ್ ಮಾಡಿ ಪುಟ ತೆಗೆದೆ. ಮಾತ್ರೆಯ ತುಂಡು ಹುಟ್ಟಿ, ಕೂತು, ಬೆಲ್ಲಿಗೆ ಅರ್ಧ ಗಂಟೆಯ ಗಡಿಯಾರ ಶುರು ಮಾಡ್ತು. ಹಾಲು ಬಂತು, ಮೂರು ಲೀಟರ್ ಅಂತ ಹಾಲಿನ ಪುಟದಲ್ಲಿ ಬರೆದೆ. 7:05ಕ್ಕೆ ಮತ್ತೆ ಮಾತ್ರೆ ಒತ್ತಿಟ್ಟು ಸ್ನಾನಕ್ಕೆ ಹೋದೆ. 7:35ಕ್ಕೆ ಬೆಲ್ ಹೊಡೀತು. ಅತ್ತೆ ಮಾತ್ರೆ ತಗೊಂಡ್ರು, ಗುಂಡಿ ಒತ್ತಿದ್ರು, ಹಸಿರಾಯ್ತು. ಪೂಜೆ ಆಗೋವರೆಗೂ ತಿಂಡಿ ಬೇಡ ಅಂತ ಒಂದು ಲೋಟ ಹಾಲು ಕುಡಿದು ಹೂವಿನ ಮುಂದೆ ಕೂತ್ರು. ನಾದಿನಿ ಇನ್ನರ್ಧ ಲೀಟರ್ ತರಿಸಿದ್ಲು, ಪಾಪ, ಲೆಕ್ಕ ತಪ್ಪಬಾರದು ಅಂತ ಹಾಲಿನ ಪುಟ ತೆಗೆದು ಬರೆದು, 7:50ಕ್ಕೆ ಮಾತ್ರೆಯ ಪುಟಕ್ಕೆ ವಾಪಸ್ ತಂದಿಟ್ಲು. 7:55ಕ್ಕೆ ಬೆಲ್ ಹೊಡೀತು. ಅತ್ತೆ ಎದ್ದು ಹೋಗಿ ನೋಡಿದ್ರು. ಹಸಿರಿಲ್ಲ. ದಪ್ಪಕ್ಷರದಲ್ಲಿ "ಮಾತ್ರೆ ತಗೊಂಡಿಲ್ಲ". ಹಬ್ಬದ ಗಡಿಬಿಡೀಲಿ ಬರೀ ತಗೊಂಡ ಹಾಗೆ ಅನ್ಸಿರಬೇಕು ಅಂದ್ಕೊಂಡು ಇನ್ನೊಂದು ನುಂಗಿದ್ರು.

8:25ಕ್ಕೆ ಮತ್ತೆ ಹೊಡೀತು. ಆಗ ನಾನು ಅಲ್ಲೇ ಕೋಸಂಬರಿಗೆ ಸೌತೆಕಾಯಿ ಹೆಚ್ತಿದ್ದೆ. ಅತ್ತೆ ಹಾಲಿನಿಂದಲೇ ಕೂಗಿ ಹೇಳಿದ್ರು, "ನೋಡೇ, ಎರಡು ಸಲ ತಗೊಂಡೆ, ಇನ್ನೂ ಬಡ್ಕೊಳ್ತಿದೆ ಅದು."

ಕೈಯಲ್ಲಿ ಚಾಕು ಹಾಗೇ ಇತ್ತು. ನಮ್ಮ ಡಾಕ್ಟ್ರಿಗೆ ಫೋನ್ ಮಾಡಿದೆ. ಈಗಲೇ ಊಟ ಕೊಡಿ, ಪೂಜೆ ಅಂತ ಕಾಯಬೇಡಿ, ಅರ್ಧರ್ಧ ಗಂಟೆಗೆ ಸಕ್ಕರೆ ನೋಡಿ, ಒಬ್ಬರನ್ನೇ ಬಿಡಬೇಡಿ ಅಂದ್ರು. ಅತ್ತೆ ನೈವೇದ್ಯಕ್ಕೆ ಮುಂಚೆ ತಿನ್ನಲ್ಲ ಅಂತ ಹಟ. ನಮ್ಮನೆಯವರು ಗದರಿ ಎರಡು ಇಡ್ಲಿ ತಿನ್ನಿಸಿದ್ರು. ಹತ್ತೂಕಾಲಿಗೆ ಹೂವು ಕಟ್ಟೋ ಕೈ ನಡುಗೋಕ್ಕೆ ಶುರು. ಹಣೆ ಮೇಲೆ, ಕತ್ತಲ್ಲಿ ಬೆವರು. ಆಗಸ್ಟ್‌ನ ಆ ತಂಪಲ್ಲಿ ಬೆವರು! ಮೆಷಿನ್‌ನಲ್ಲಿ ನೋಡಿದ್ರೆ 58.

ಮನೇಲಿ ಸಕ್ಕರೆ ಕಾಯಿಲೆಯವರಿದ್ರೆ ಇಷ್ಟು ತಿಳ್ಕೊಂಡಿರಿ. 70ಕ್ಕಿಂತ ಕೆಳಗೆ ಬಂದು, ಪ್ರಜ್ಞೆ ಸರಿಯಾಗಿದ್ದು ನುಂಗೋಕ್ಕೆ ಆಗ್ತಿದ್ರೆ, ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕೊಟ್ಟು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪುತ್ತಿದ್ರೆ ಬಾಯಿಗೆ ಏನೂ ಹಾಕದೆ ನೇರ ಆಸ್ಪತ್ರೆಗೆ. ಇನ್ನೊಂದು ಮಾತು, ಈ ಜಾತಿಯ ಮಾತ್ರೆಯ ಶಕ್ತಿ ಇಡೀ ದಿನ ಇರುತ್ತೆ. ಒಂದು ಸಲ ಸಕ್ಕರೆ ಮೇಲೆ ಬಂತು ಅಂತ ಕೈಬಿಡೋ ಹಾಗಿಲ್ಲ, ಮತ್ತೆ ಇಳಿಯುತ್ತೆ. ನಮಗೂ ಹಾಗೇ ಆಯ್ತು. 81ಕ್ಕೆ ಬಂತು, ಉಸಿರು ಬಿಟ್ವಿ, ಒಂದು ಗಂಟೆ ಹೊತ್ತಿಗೆ ಮತ್ತೆ 61. ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ಒಂದು ರಾತ್ರಿ ಇಟ್ಕೊಂಡು ಡ್ರಿಪ್ ಹಾಕಿದ್ರು. ನಾನು ಹೊರಗಡೆ ಕುರ್ಚೀಲಿ. ಅರಿಶಿನದ ಕೈ, ಜರತಾರಿ ಸೀರೆ, ತಲೇಲಿ ಹೂವು. ಹಾದು ಹೋಗೋರೆಲ್ಲ ಒಂದು ಸಲ ನೋಡೋರು.

ಶನಿವಾರ ಮಧ್ಯಾಹ್ನ ಮನೆಗೆ ಬಂದ್ವಿ. ಕಳಸ ಹಾಗೇ ಕೂತಿತ್ತು. ಬೆಳಗ್ಗೆ ಕದಲಿಸಬೇಕಾದ್ದು, ಯಾರೂ ಕೈ ಹಾಕಿರ್ಲಿಲ್ಲ. ಅತ್ತೆ ಕಾಲು ತೊಳೆದು ಸೀದಾ ಹೋಗಿ, ಕೈ ಮುಗಿದು, ಕಳಸ ಒಂಚೂರು ಜರುಗಿಸಿ, "ಹೊತ್ತಾಯ್ತು, ತಪ್ಪು ತಿಳ್ಕೋಬೇಡಮ್ಮ" ಅಂದ್ರು. ಆ ಮಾತು ನನಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು.

ಆವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದೆ. ಅರ್ಧ ಗಂಟೆಯ ಗಡಿಯಾರವನ್ನ ಐದು ಸೆಕೆಂಡಿಗೆ ಇಳಿಸಿದೆ. ಮೌಂಟೆಡ್ ಹುಕ್ಕಿನಲ್ಲಿ "ಬಂದೆ" ಅಂತ, ಬಿಫೋರ್‌ಅನ್‌ಮೌಂಟ್ ಹುಕ್ಕಿನಲ್ಲಿ "ಹೋಗ್ತಿದೀನಿ" ಅಂತ, ಗಡಿಯಾರ ಹೊಡೆದಾಗ "ಟಿಕ್" ಅಂತ ಬರೋ ಹಾಗೆ ಮಾಡಿದೆ, ಒಂದೊಂದಕ್ಕೂ ಒಂದು ನಂಬರ್. ಪುಟ ತೆಗೆದು, ಹಾಲು, ಮಾತ್ರೆ, ಹಾಲು, ಮಾತ್ರೆ ಅಂತ ನಾಲ್ಕು ಸಲ ಹೋಗಿ ಬಂದೆ. "ಬಂದೆ" ಐದು ಸಲ ಬಂತು. "ಹೋಗ್ತಿದೀನಿ" ನಾಲ್ಕು ಸಲ ಬಂತು. ಅಂದ್ರೆ ಪರದೆ ಮೇಲೆ ಇರೋದು ಒಂದೇ. ಆದ್ರೆ ಟಿಕ್ ಒಂದು, ಟಿಕ್ ಎರಡು, ಟಿಕ್ ಮೂರು, ಟಿಕ್ ನಾಲ್ಕು, ಟಿಕ್ ಐದು. ಮತ್ತೆ ಒಂದು, ಎರಡು, ಮೂರು. ಹೋಗ್ತಿದೀನಿ ಅಂತ ಹೇಳಿ ಹೋದ ನಾಲ್ಕೂ ಜನ ಬೆಲ್ ಹೊಡೀತಾನೇ ಇದ್ರು.

ಯಾಕೆ ಅಂದ್ರೆ, ತುಂಡು ಹೋಗುವಾಗ ತನ್ನ ಸ್ವಂತ ಸಾಮಾನನ್ನೆಲ್ಲ ವ್ಯೂ ತಾನೇ ಎತ್ತಿಡುತ್ತೆ. ಗಡಿಯಾರ ಮಾತ್ರ ವ್ಯೂನದ್ದಲ್ಲ, ಬ್ರೌಸರ್‌ನದ್ದು. ಸೆಟ್‌ಇಂಟರ್‌ವಲ್ ಅಂತ ಹೇಳಿ ನಾನು ಬೇರೆ ಕಡೆಯಿಂದ ತರಿಸಿದ್ದು. ಛತ್ರದವರು ಅವರ ಕುರ್ಚಿ, ಅವರ ಜಮಖಾನ ಎತ್ತಿಡ್ತಾರೆ. ನಾವು ಹೊರಗಿಂದ ಬಾಡಿಗೆಗೆ ತರಿಸಿದ ಜನರೇಟರ್ ಅವರ ಲೆಕ್ಕಕ್ಕೇ ಬರಲ್ಲ. ಛತ್ರ ಖಾಲಿಯಾಗಿ ಬೀಗ ಬಿದ್ರೂ ಅದು ಹಿತ್ತಲಲ್ಲಿ ಗುಂಯ್ ಅಂತಿರುತ್ತೆ. ನಿಲ್ಲಿಸು ಅಂತ ಹೇಳಬೇಕಾದವಳು ತರಿಸಿದವಳೇ.

ಇದರ ಜೊತೆಗೆ ಇನ್ನೊಂದು. 6:25ಕ್ಕೆ ಹುಟ್ಟಿದ ಆ ತುಂಡಿಗೆ ತನ್ನದೇ ಒಂದು ನೆನಪಿತ್ತು, "ಇನ್ನೂ ತಗೊಂಡಿಲ್ಲ" ಅಂತ. ಪರದೆಯಿಂದ ಹೋದ ಮೇಲೂ ಗಡಿಯಾರ ಅದನ್ನ ಹಿಡ್ಕೊಂಡಿದ್ರಿಂದ ಆ ನೆನಪು ಸಾಯಲಿಲ್ಲ. ಅತ್ತೆ 7:35ಕ್ಕೆ ಒತ್ತಿದ್ದು ಎರಡನೇ ತುಂಡಿನ ಗುಂಡಿ. ಮೊದಲನೇದಕ್ಕೆ ಅದು ಗೊತ್ತಾಗೋ ದಾರಿಯೇ ಇಲ್ಲ. ದೆವ್ವದ ಕಥೆಗಳಲ್ಲಿ ಇರುತ್ತಲ್ಲ, ತಾನು ಸತ್ತಿದ್ದು ಗೊತ್ತಿಲ್ದೆ ಹಳೇ ಕೆಲಸವನ್ನೇ ಮಾಡ್ತಿರೋದು, ಹಾಗೆ. 7:50ಕ್ಕೆ ನಾದಿನಿ ವಾಪಸ್ ಬಂದಾಗ ಹುಟ್ಟಿದ ಮೂರನೇದೋ, ಅದಕ್ಕೆ ಹುಟ್ಟುವಾಗಲೇ ಏನೂ ಗೊತ್ತಿಲ್ಲ. ಯಾರನ್ನೂ ಕೇಳದೆ "ತಗೊಂಡಿಲ್ಲ" ಅಂತ ಬೋರ್ಡ್ ಹಾಕ್ಕೊಂಡು ಕೂತಿತು. ಸತ್ತಿದ್ದು ಬೆಲ್ ಹೊಡೀತು, ಹೊಸದು ಬೋರ್ಡ್ ತೋರಿಸ್ತು. ನಡುವೆ ಅತ್ತೆ.

ಸರಿ ಮಾಡೋಕ್ಕೆ ಎಷ್ಟು ಹೊತ್ತು ಹಿಡೀತು ಅಂತೀರಿ? ಇಪ್ಪತ್ತು ನಿಮಿಷ. ಗಡಿಯಾರ ಶುರು ಮಾಡಿದಾಗ ಸಿಗೋ ನಂಬರನ್ನ ಎತ್ತಿಟ್ಕೊಂಡು, ಬಿಫೋರ್‌ಅನ್‌ಮೌಂಟ್‌ನಲ್ಲಿ ಕ್ಲಿಯರ್‌ಇಂಟರ್‌ವಲ್ ಅಂತ ಒಂದು ಸಾಲು. ತಗೊಂಡ ವಿಷಯವನ್ನ ತುಂಡಿನ ತಲೇಲಿ ಇಡದೆ, ಬ್ರೌಸರ್‌ನ ಉಗ್ರಾಣದಲ್ಲಿ ತಾರೀಕು ಹಾಕಿ ಬರೆದಿಡೋದು. ಹೊಸ ತುಂಡು ಹುಟ್ಟಿದ ತಕ್ಷಣ ಕ್ರಿಯೇಟೆಡ್ ಹುಕ್ಕಿನಲ್ಲಿ ಮೊದಲು ಆ ಉಗ್ರಾಣ ನೋಡೋದು, ಬೆಲ್ಲು ಹೊಡೆಯೋ ಮುಂಚೆಯೂ ಅದನ್ನೇ ನೋಡೋದು. ಒಟ್ಟು ಹತ್ತು ಸಾಲಿಲ್ಲ. ಆ ಒಂದು ಸಾಲು ಗುರುವಾರ ರಾತ್ರಿ ಬರೆದಿದ್ರೆ ಸತ್ತವಳ ಬೆಲ್ಲು ಹೊಡೀತಿರ್ಲಿಲ್ಲ, ಇನ್ನೊಂದಷ್ಟು ಬರೆದಿದ್ರೆ ಬೋರ್ಡೂ ಸುಳ್ಳು ಹೇಳ್ತಿರ್ಲಿಲ್ಲ.

ಸೋಮವಾರ ಆಫೀಸಲ್ಲಿ, ಮನೆ ವಿಷಯ ಹೇಳದೆ, ಬರೀ ಹುಕ್ಕಿನ ವಿಷಯ ಹೇಳಿದೆ. ರಿಯಾಕ್ಟ್‌ನಲ್ಲಿ ಕೆಲಸ ಮಾಡೋ ಒಬ್ಬ ಹುಡುಗ ನಕ್ಕ. ರಿಯಾಕ್ಟ್‌ನಲ್ಲಿ ಯೂಸ್‌ಎಫೆಕ್ಟ್ ಅಂತ ಇದೆ, ಶುರು ಮಾಡೋದನ್ನೂ ನಿಲ್ಲಿಸೋದನ್ನೂ ಒಂದೇ ಜಾಗದಲ್ಲಿ ಬರೀತಾರೆ. ನಿಲ್ಲಿಸೋದನ್ನ ಮರೆತ್ರೂ ಗೊತ್ತಾಗಲಿ ಅಂತ 2022ರ ಮಾರ್ಚ್‌ನಲ್ಲಿ ಬಂದ 18ನೇ ಆವೃತ್ತೀಲಿ ಸ್ಟ್ರಿಕ್ಟ್ ಮೋಡ್ ಇಟ್ರೆ, ಕೋಡ್ ಬರೆಯೋ ಹಂತದಲ್ಲಿ ಅದು ಬೇಕಂತಲೇ ಹೊಸ ತುಂಡನ್ನ ಒಂದು ಸಲ ಕೂರಿಸಿ, ಎಬ್ಬಿಸಿ, ಮತ್ತೆ ಕೂರಿಸುತ್ತಂತೆ. ಬಿಟ್ಟ ಗಡಿಯಾರ ಇದ್ರೆ ಅಲ್ಲೇ ಎರಡೆರಡಾಗಿ ಸಿಕ್ಕಿಬೀಳುತ್ತೆ. ಹೊಸ ಸೊಸೆ ಗ್ಯಾಸ್ ಆಫ್ ಮಾಡಿದ್ಲಾ ಅಂತ ನೋಡೋದಕ್ಕೆ ಅತ್ತೆ ಅಡುಗೆಮನೆಗೆ ಸುಮ್ಮನೆ ಒಂದು ಸಲ ಹೋಗಿ ಬರೋ ಹಾಗೆ. ಬಹಳ ಜನ ಇದು ಕಿರಿಕಿರಿ ಅಂತ ಬೈತಾರಂತೆ. ನಾನಂತೂ ಇನ್ನು ಬೈಯಲ್ಲ. ಇನ್ನೊಬ್ಬಳು, ತುಂಡನ್ನ ಕಳಿಸೋದೇ ಬೇಡ, ಕೀಪ್‌ಅಲೈವ್ ಹಾಕು ಅಂದ್ಲು. ಅದು ದಸರಾ ಬೊಂಬೆಯ ಹಾಗೆ, ವಿಸರ್ಜನೆ ಇಲ್ಲ, ಬಟ್ಟೇಲಿ ಸುತ್ತಿ ಅಟ್ಟಕ್ಕೆ. ನೆನಪು ಉಳಿಯುತ್ತೆ ನಿಜ. ಆದ್ರೆ ಅಟ್ಟದಲ್ಲಿ ಕೂತೂ ಗಡಿಯಾರ ಓಡ್ತಿರುತ್ತೆ, ಅದನ್ನ ನಿಲ್ಲಿಸೋಕ್ಕೆ ಡೀಆಕ್ಟಿವೇಟೆಡ್ ಅಂತ ಮತ್ತೊಂದು ಹುಕ್ಕು. ಒಟ್ನಲ್ಲಿ ಹೋಗೋ ಗಳಿಗೆಯ ಕೆಲಸ ಯಾರೂ ನಮಗೆ ಮಾಫಿ ಮಾಡಲ್ಲ.

ಕೋಡ್ ಸರಿಹೋಯ್ತು. ಅತ್ತೆಗೆ ಹೇಳೋದು ಮಾತ್ರ ಹಾಗೇ ಉಳೀತು. "ಟ್ಯಾಬ್ ಹ್ಯಾಂಗ್" ಅನ್ನೋದನ್ನ ಶುಕ್ರವಾರ ಆಸ್ಪತ್ರೇಲಿ ನಾದಿನಿ ಕೇಳಿದಾಗ ಬಾಯಿಗೆ ಬಂದಿದ್ದು ಹೇಳಿದ್ದೆ. ಆಮೇಲೆ ಎಲ್ಲರೂ ಅದನ್ನೇ ಹೇಳೋಕ್ಕೆ ಶುರು ಮಾಡಿದ್ರು. ನಮ್ಮನೆಯವರು ಹೊಸ ಟ್ಯಾಬ್ ತರ್ತೀನಿ ಅಂತ ಬೆಲೆ ನೋಡ್ತಿದ್ರು. ಇನ್ನೂ ನೋವಾಗಿದ್ದು ಏನು ಗೊತ್ತಾ, ಅತ್ತೆ ಪಕ್ಕದ ಮನೆಯವರ ಹತ್ರ, "ನಂಗೇ ಅರಳು ಮರಳು, ತಗೊಂಡಿದ್ದು ನೆನಪಿರಬಾರದಾ" ಅಂತ ಹೇಳ್ಕೊಳ್ತಿದ್ರು. ಅವರಿಗೆ ನೆನಪಿತ್ತು. ನಾನು ಬರೆದ ಬೋರ್ಡು ಅವರ ನೆನಪನ್ನ ಸುಳ್ಳು ಮಾಡಿತ್ತು.

ಬುಧವಾರ ಮಧ್ಯಾಹ್ನ ಅವರು ಅವರೆಕಾಳು ಹಿಸುಕ್ತಾ ಕೂತಿದ್ರು. ಪಕ್ಕ ಕೂತು ನಾನೂ ಕೈ ಹಾಕಿದೆ. ಹೇಳಿಬಿಟ್ಟೆ. ಹುಕ್ಕು, ಗಡಿಯಾರ, ಜನರೇಟರ್ ಎಲ್ಲ. ತಲೆ ಎತ್ತಲಿಲ್ಲ ಅವರು. ಹಿಸುಕ್ತಾನೇ ಇದ್ರು. ನನಗೆ ಕಣ್ಣಲ್ಲಿ ನೀರು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದ್ರು, "ಅಂದ್ರೆ, ನಲ್ಲಿ ಬಿಟ್ಟು ಹೋದ ಹಾಗೆ ಅನ್ನು."

ನಾನು ಹೂಂ ಅಂದೆ.

ಆಗ ಅವರು ಹೇಳಿದ ಕಥೆ ನಮ್ಮನೆಯವರಿಗೂ ಗೊತ್ತಿರ್ಲಿಲ್ಲ. ಅತ್ತೆ ಮಾವ ಕೆಂಗೇರಿ ಕೋಟೆ ಹತ್ರ ಬಾಡಿಗೆಗೆ ಮಹಡಿ ಮನೇಲಿದ್ದ ಕಾಲ. ನೀರು ಯಾವಾಗ ಬಿಡ್ತಾರೋ ಗೊತ್ತಿಲ್ಲ. ಒಂದು ದಿನ ನಲ್ಲಿ ತಿರುಗಿಸಿದ್ರಂತೆ, ಬರೀ ಗಾಳಿ. ಹಾಗೇ ಬಿಟ್ಟು, ಮಗುವನ್ನ ಎತ್ಕೊಂಡು ಮೈಸೂರು ಬಸ್ ಹತ್ತಿಬಿಟ್ರು. ರಾತ್ರಿ ನೀರು ಬಂದು, ಬಚ್ಚಲು ತುಂಬಿ, ಕೆಳಗಿನ ಮನೆಯ ಬಾಣಂತಿ ಹಾಸಿಗೆ ಮೇಲೆ ಸೋರಿದೆ. ಎಂಟು ದಿನದ ಕೂ‌ಸು. ಮಾರನೇ ದಿನ ಬಂದು ನೋಡಿ, "ವಾಷರ್ ಹೋಗಿತ್ತು, ನಲ್ಲಿ ನಿಲ್ತಾನೇ ಇರ್ಲಿಲ್ಲ" ಅಂತ ಹೇಳಿದ್ರಂತೆ. ಮನೆ ಮಾಲೀಕರು ಹೊಸ ನಲ್ಲೀನೇ ಹಾಕಿಸಿಕೊಟ್ರು. "ಆ ಹೊಸ ನಲ್ಲಿ ನೋಡಿದಾಗಲೆಲ್ಲ ಮುಖ ಮುಚ್ಕೊಳ್ಳೋ ಹಾಗಾಗೋದು. ಆ ಹುಡುಗಿಗೆ ಹೇಳಬೇಕು ಹೇಳಬೇಕು ಅಂತಲೇ ಮನೆ ಖಾಲಿ ಮಾಡ್ಕೊಂಡು ಬಂದ್ವಿ," ಅಂದ್ರು. ಆಮೇಲೆ, "ನೀನು ಐದು ದಿನಕ್ಕೇ ಹೇಳಿದೆ. ಟ್ಯಾಬ್ ತರಬೇಡ ಅಂತ ಅವನಿಗೂ ಹೇಳು" ಅಂತ ಮೊರ ನನ್ನ ಕಡೆ ತಳ್ಳಿದ್ರು.

ಅವರಿಗೆ ಹೇಳಿದ್ದಾಯ್ತು, ನಮ್ಮನೆಯವರಿಗೂ ಆಯ್ತು. ನಿಮಗೆ ಹೇಳೋಕ್ಕೆ ಇಷ್ಟು ದಿನ ಹಿಡೀತು. ಅತ್ತೆ ನೆನಪಿನ ಶಕ್ತಿ ಬಗ್ಗೆ ಯಾರಾದ್ರೂ ಏನಾದ್ರೂ ಅಂದಿದ್ರೆ ದಯವಿಟ್ಟು ಅದನ್ನ ವಾಪಸ್ ತಗೊಳ್ಳಿ.

ಬೆಲ್ಲು ಈಗಲೂ ಇದೆ. ಅದರ ಕೆಳಗೆ ಮೆಡಿಕಲ್ ಸ್ಟೋರಿಂದ ತಂದ ಏಳು ಮನೆಯ ಡಬ್ಬಿ, ಭಾನುವಾರದಿಂದ ಶನಿವಾರದವರೆಗೆ, ದಿನಕ್ಕೊಂದೇ ಮಾತ್ರೆ. ಅದನ್ನ ತುಂಬಿಸೋದು ನಮ್ಮನೆಯವರ ಕೆಲಸ. ಇವತ್ತು ಬೆಳಗ್ಗೆ ಬೆಲ್ ಹೊಡೀತು. ಅತ್ತೆ ಕನ್ನಡಕ ಹಾಕ್ಕೊಂಡು ಬಂದು ಮೊದಲು ಡಬ್ಬಿ ಮುಚ್ಚಳ ತೆಗೆದು ನೋಡಿದ್ರು, ಆಮೇಲೆ ಟ್ಯಾಬ್ ನೋಡಿದ್ರು, ಆಮೇಲೆ ನನ್ನ.

"ಇವತ್ತು ಯಾವ ನಂಬರಿನವಳೇ ಹೊಡೀತಿರೋದು?" ಅಂದ್ರು.